ಅರಿವು ಕೇಂದ್ರದ ಕಪಾಟಿಗೆ ಬಣ್ಣದ ಪುಸ್ತಕ ಬೇಕು: ಪಂಚಾಯತ್ ರಾಜ್ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ನಮಸ್ಕಾರ.

ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ನಿಮ್ಮ ಇಲಾಖೆಯ ಕೈಗೆ ಬಂದವು. ಮರುವರ್ಷ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಎಷ್ಟೋ ಕಡೆ ಗೋಡೆಗೆ ಬಣ್ಣ ಬಂತು, 'ಅರಿವು ಕೇಂದ್ರ' ಅಂತ ಹೊಸ ಬೋರ್ಡು ಬಂತು, ಸಂಜೆ ಹೊತ್ತು ಮಕ್ಕಳು ಬಂದು ಕೂರತೊಡಗಿದರು. ಇದು ಸಣ್ಣ ಕೆಲಸ ಅಲ್ಲ. ಅದಕ್ಕೆ ಮನಸಾರೆ ಧನ್ಯವಾದ ಹೇಳಿಯೇ ಮುಂದಿನ ಮಾತು ಎತ್ತುತ್ತೇನೆ.

ನಾನು ಇಂಥ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವವಳು. ನಾನು ನೋಡಿದ ಕಪಾಟುಗಳಲ್ಲಿ ಕಥೆ ಇದೆ, ಜೀವನಚರಿತ್ರೆ ಇದೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಂತೂ ಜಾಸ್ತಿಯೇ ಇವೆ. ದೊಡ್ಡ ಕಲಾವಿದರ ಚಿತ್ರಗಳನ್ನು ಮಗು ಕಣ್ತುಂಬ ನೋಡಬಹುದಾದ ಪುಸ್ತಕ ಮಾತ್ರ ಸಿಗುವುದಿಲ್ಲ. ಕಲಾವಿದರ ಬಗ್ಗೆ ಅಂತ ಏನಾದರೂ ಸಿಕ್ಕರೆ ಅದರಲ್ಲಿ ಹುಟ್ಟಿದ ಊರು, ತಂದೆ ತಾಯಿಯ ಹೆಸರು, ಪ್ರಶಸ್ತಿಗಳ ಪಟ್ಟಿ, ನಡುವೆ ಮಸಿ ಮೆತ್ತಿದಂತೆ ಒಂದೆರಡು ಕಪ್ಪು ಬಿಳುಪು ಚಿತ್ರ. ಚಿತ್ರವೇ ಕಾಣದ ಮೇಲೆ ಚಿತ್ರಕಾರನನ್ನು ಮಗು ಯಾಕೆ ನೆನಪಿಟ್ಟುಕೊಳ್ಳಬೇಕು?

ದೊಡ್ಡ ಅಳತೆಯ, ಪೂರ್ತಿ ಬಣ್ಣದ, ಮಾತು ಕಡಿಮೆ ಇರುವ ಕನ್ನಡ ಪುಸ್ತಕಗಳ ಒಂದು ಮಾಲೆ ಮಾಡಿಸಿ ಪ್ರತಿ ಅರಿವು ಕೇಂದ್ರಕ್ಕೂ ಕೊಡಿ. ಅದರಲ್ಲಿ ನಮ್ಮ ಕಲಾವಿದರ ಚಿತ್ರಗಳ ಜೊತೆ ಯುರೋಪಿನವರ ಚಿತ್ರಗಳೂ ಇರಲಿ. ಈ ಪತ್ರದಲ್ಲಿ ನಾನು ಕೇಳುವುದು ಇಷ್ಟೇ.

ಹಳ್ಳಿ ಮಕ್ಕಳಿಗೆ ಯುರೋಪಿನ ಚಿತ್ರ ಯಾಕೆ ಎಂದು ಯಾರಾದರೂ ಕೇಳಬಹುದು. ಅಲ್ಲಿನ ಚಿತ್ರಕಾರ ಪೀಟರ್ ಬ್ರೂಗೆಲ್ 1560ರಲ್ಲಿ ಬರೆದ 'ಮಕ್ಕಳ ಆಟಗಳು' ಚಿತ್ರವನ್ನು ಅವರ ಮುಂದಿಡಿ. ಮೂಲ ಚಿತ್ರ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಒಂದು ಊರಿನ ಬೀದಿ. ಅದರ ತುಂಬ 200ಕ್ಕೂ ಹೆಚ್ಚು ಮಕ್ಕಳು, 80ರಷ್ಟು ಆಟ. ಎಡಗಡೆ ಕೆಳಮೂಲೆಯಲ್ಲಿ ಇಬ್ಬರು ಕೂತು ಆಡುತ್ತಿರುವುದು ಹೆಚ್ಚುಕಮ್ಮಿ ನಮ್ಮ ಕಲ್ಲಾಟವೇ. ಅವರ ಕೈಯಲ್ಲಿ ಕಲ್ಲಿನ ಬದಲು ಮೂಳೆಗಳಿವೆ, ಅಷ್ಟೇ. ಇನ್ನಿಬ್ಬರು ಕೋಲು ಹಿಡಿದು ಚಕ್ರ ಓಡಿಸುತ್ತಿದ್ದಾರೆ, ನಮ್ಮ ಹುಡುಗರು ಹಳೇ ಟೈರು ಓಡಿಸುವ ಹಾಗೆ. ಬುಗುರಿ ಇದೆ. ಮರಗಾಲು ಇದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರಿದ್ದಾರೆ, ಬಗ್ಗಿ ನಿಂತವರ ಬೆನ್ನ ಮೇಲಿಂದ ಹಾರುವವರಿದ್ದಾರೆ.

ಈ ಚಿತ್ರದ ದೊಡ್ಡ ಪ್ರಿಂಟು ಹಾಸಿದರೆ ಮಕ್ಕಳು ಬೆರಳಿಟ್ಟು ಎಣಿಸೋಕೆ ಶುರು ಮಾಡುತ್ತಾರೆ. 'ಇದು ನಮ್ಮಾಟ, ಅಲ್ಲ ಇದು ನಮ್ಮೂರದು' ಅಂತ ಜಗಳಕ್ಕೇ ಬೀಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಯಾವುದೋ ಮಗು ಕೇಳುತ್ತದೆ: ಇಷ್ಟೊಂದು ಆಡ್ತಿದ್ದಾರೆ, ಯಾಕೆ ಯಾರೂ ನಗ್ತಾ ಇಲ್ಲ? ಕಲೆಯ ಇತಿಹಾಸ ಬರೆದ ವಿದ್ವಾಂಸರೂ ಈ ಚಿತ್ರದ ಮುಂದೆ ಕೇಳಿಕೊಂಡ ಪ್ರಶ್ನೆ ಇದು. ಮಗುವಿಗೆ ಅದನ್ನು ಯಾರೂ ಹೇಳಿಕೊಡಲಿಲ್ಲ. ಹತ್ತಿರದಿಂದ, ಸಾವಕಾಶವಾಗಿ ನೋಡಲು ಒಂದು ದೊಡ್ಡ ಪುಟ ಸಿಕ್ಕಿತು, ಅದಕ್ಕೇ ಕಂಡಿತು. ಮೊಬೈಲಿನಲ್ಲೂ ಈ ಚಿತ್ರ ಸಿಗುತ್ತದೆ, ನಿಜ. ಆದರೆ ಅಂಗೈಯಗಲದ ಪರದೆಯಲ್ಲಿ 200 ಮಕ್ಕಳೂ ಇರುವೆಗಳಾಗಿಬಿಡುತ್ತಾರೆ. ನಾಲ್ಕು ಜನ ಒಟ್ಟಿಗೆ ಬಗ್ಗಿ ನೋಡುವುದಂತೂ ಆಗದ ಮಾತು.

ಇನ್ನು ನಮ್ಮವರು. ಕೆ. ವೆಂಕಟಪ್ಪ ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ ಹುಟ್ಟಿದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತರು. ಊಟಿಯ ಬೆಟ್ಟ, ಮಂಜು, ಮೋಡಗಳನ್ನು ಜಲವರ್ಣದಲ್ಲಿ ಬರೆದರು. ವೀಣೆಯ ಹುಚ್ಚೂ ಅಷ್ಟೇ ಇತ್ತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಸರ್ಕಾರಿ ಗ್ಯಾಲರಿ ಇದೆ. ಬೀದರ್ ಜಿಲ್ಲೆಯ ಔರಾದಿನ ಮಗು ಅಲ್ಲಿಗೆ ಯಾವಾಗ ಬರಬೇಕು? ಪುಸ್ತಕವಾದರೆ ಔರಾದಿಗೇ ಹೋಗುತ್ತದೆ. ನಮ್ಮ ಕಾನೂನಿನಲ್ಲಿ ಚಿತ್ರಗಳ ಹಕ್ಕುಸ್ವಾಮ್ಯ ಕಲಾವಿದ ತೀರಿಕೊಂಡ ಮೇಲೆ 60 ವರ್ಷ. ವೆಂಕಟಪ್ಪನವರು ತೀರಿಕೊಂಡದ್ದು 1965ರಲ್ಲಿ. ಹಾಗಾಗಿ ಆ ಅವಧಿ 2025ರ ಕೊನೆಯ ತನಕ ಮಾತ್ರ. ಒಳ್ಳೆಯ ಕ್ಯಾಮೆರಾದಲ್ಲಿ ಫೋಟೊ ತೆಗೆಸಿ, ಬಣ್ಣ ಕೆಡದ ಹಾಗೆ ಅಚ್ಚು ಹಾಕಿಸುವ ಕೆಲಸ ಮಾತ್ರ ಉಳಿದಿದೆ. ಸರ್ಕಾರವೇ ಅದನ್ನು ಮಾಡದಿದ್ದರೆ ಮತ್ತೆ ಯಾರು ಮಾಡಬೇಕು?

ಅವನೀಂದ್ರನಾಥರ ಇನ್ನೊಬ್ಬ ಶಿಷ್ಯ ನಂದಲಾಲ್ ಬೋಸ್. ರವೀಂದ್ರನಾಥ ಟ್ಯಾಗೋರರು 1930ರಲ್ಲಿ ಪುಟ್ಟ ಮಕ್ಕಳಿಗೆಂದು 'ಸಹಜ ಪಾಠ' ಎಂಬ ಪುಸ್ತಕ ತಂದಾಗ ಅದಕ್ಕೆ ಚಿತ್ರ ಮಾಡಿಕೊಟ್ಟವರು ನಂದಲಾಲರೇ. ಬಂಗಾಳದ ಎಷ್ಟೋ ಮಕ್ಕಳು ಅಕ್ಷರ ಕಲಿಯುವ ಹೊತ್ತಿಗೇ ಒಬ್ಬ ದೊಡ್ಡ ಕಲಾವಿದನ ಗೆರೆ ನೋಡುತ್ತಾ ಬೆಳೆದರು. ನಮ್ಮಲ್ಲೂ ಅಂಥ ಗೆರೆ ಇದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಕುಣಿಯುವವರನ್ನು ಬರೆದ ರೇಖಾಚಿತ್ರಗಳನ್ನು ನೋಡಿ. ನಾಲ್ಕೇ ಗೆರೆ, ಆದರೆ ತಿರುಗುವ ಸೊಂಟ, ಎತ್ತಿದ ಕಾಲು ಎಲ್ಲ ಅದರಲ್ಲಿ ಬಂದುಬಿಡುತ್ತವೆ. ಪೆನ್ಸಿಲ್ ಹಿಡಿದ ಮಗುವಿಗೆ ಇದಕ್ಕಿಂತ ಧೈರ್ಯ ಕೊಡುವ ಚಿತ್ರ ಇನ್ನೇನಿದೆ? ಹೆಬ್ಬಾರರು ತೀರಿಕೊಂಡದ್ದು 1996ರಲ್ಲಿ. ಹಕ್ಕುಸ್ವಾಮ್ಯ ಇನ್ನೂ ಇದೆ. ಹಕ್ಕುಳ್ಳವರನ್ನು ಕೇಳಿ, ಗೌರವಧನ ಕೊಟ್ಟೇ ಪಡೆಯಬೇಕು.

ಖರ್ಚಿನ ಮಾತು. ಬಣ್ಣದ ಪುಸ್ತಕ ದುಬಾರಿ, ಅದು ನಿಜ. ಆದರೆ ಅಚ್ಚು ಹಾಕುವ ಪ್ರತಿಗಳು ಎಷ್ಟು ಹೆಚ್ಚೋ ಒಂದೊಂದರ ಬೆಲೆ ಅಷ್ಟು ಕಡಿಮೆ. ಕನ್ನಡದಲ್ಲಿ ಪ್ರಕಾಶಕರು ಒಂದು ಪುಸ್ತಕದ ಸಾವಿರ ಪ್ರತಿ ಹಾಕಲೂ ಹಿಂದೆ ಮುಂದೆ ನೋಡುತ್ತಾರೆ. ನಿಮ್ಮ ಕೈಯಲ್ಲಿ ಸಾವಿರಾರು ಅರಿವು ಕೇಂದ್ರಗಳಿವೆ. ಕೇಂದ್ರಕ್ಕೊಂದು ಪ್ರತಿ ಎಂದರೂ ಅದು ಯಾವ ಕನ್ನಡ ಪ್ರಕಾಶಕರಿಗೂ ಸಿಗದ ದೊಡ್ಡ ಆರ್ಡರ್. ಒಂದು ಎಚ್ಚರ ಮಾತ್ರ ಬೇಕು: ಇಂಥ ಪುಸ್ತಕಕ್ಕೆ ಪುಟ ಎಣಿಸಿ ಬೆಲೆ ಕಟ್ಟಬೇಡಿ. 32 ಪುಟದ ಒಳ್ಳೆಯ ಚಿತ್ರಪುಸ್ತಕಕ್ಕೆ 300 ಪುಟದ ಕಾದಂಬರಿಗಿಂತ ಜಾಸ್ತಿ ಕೆಲಸ ಹಿಡಿಯಬಹುದು. ಕಡಿಮೆ ದರ ಕೂಗಿದವರಿಗೆ ಟೆಂಡರ್ ಕೊಟ್ಟು, ವೆಂಕಟಪ್ಪನವರ ನೀಲಿ ಆಕಾಶ ಬೂದಿ ಬಣ್ಣವಾಗಿ ಬಂದರೆ ಆ ಪುಸ್ತಕ ಇಲ್ಲದಿರುವುದೇ ವಾಸಿ.

ಇನ್ನೊಂದು ವಿಷಯ ಇದೆ, ಕೇಳಲು ಸಣ್ಣದು. ಪುಸ್ತಕ ಹರಿದರೆ ಅಥವಾ ಕಳೆದರೆ ಅದರ ದುಡ್ಡು ಗ್ರಂಥಾಲಯದ ಮೇಲ್ವಿಚಾರಕರ ಮೇಲೆ ಬೀಳುವುದಿಲ್ಲ ಎಂದು ಒಂದು ಆದೇಶ ಹೊರಡಿಸಿ. ಅವರ ಸಂಬಳ ಎಷ್ಟೆಂದು ನಿಮಗೆ ಗೊತ್ತೇ ಇದೆ. ಆ ಭಯ ಇರುವ ತನಕ ದುಬಾರಿ ಪುಸ್ತಕ ಬೀರುವಿನ ಒಳಗೇ ಇರುತ್ತದೆ, ಬೀಗ ಹಾಕಿಯೇ ಇರುತ್ತದೆ. ಮಕ್ಕಳು ಮುಟ್ಟಿದರೆ ಪುಟ ಸವೆಯುತ್ತದೆ. ಸವೆಯಲಿ. ಎರಡು ಮೂರು ವರ್ಷಕ್ಕೊಮ್ಮೆ ಹೊಸ ಪ್ರತಿ ಕೊಡುವ ಹಣವನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ.

ಮೊದಲ ಕಂತಿಗೆ ಆರು ಪುಸ್ತಕ ಸಾಕು: ವೆಂಕಟಪ್ಪ, ಹೆಬ್ಬಾರ್, ಅಮೃತಾ ಶೇರ್‌ಗಿಲ್, ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿ ಚಿತ್ರಗಳು, ಬ್ರೂಗೆಲ್, ವ್ಯಾನ್ ಗೋ. ಆಯ್ಕೆ ಸಮಿತಿಯಲ್ಲಿ ಚಿತ್ರ ಬರೆಯುವವರು ಇರಲಿ, ದಿನವೂ ಮಕ್ಕಳ ಜೊತೆ ಕೂತು ಓದುವ ಮೇಲ್ವಿಚಾರಕರು ಇಬ್ಬರಾದರೂ ಇರಲಿ. ಮುಂದಿನ ಬಜೆಟ್‌ನಲ್ಲಿ ಇದಕ್ಕೆ ಹಣ ಇಡಿ. ಕರಡು ಪುಸ್ತಕಗಳನ್ನು ಮಕ್ಕಳ ಮುಂದೆ ಓದಿ, ಅವರಿಗೆ ಎಲ್ಲಿ ಬೇಸರ ಬಂತು ಎಂದು ಗುರುತು ಹಾಕಿ ಕೊಡಲು ನನ್ನಂಥವರು ಎಷ್ಟೋ ಜನ ಇದ್ದೇವೆ. ಕರೆದರೆ ಬರುತ್ತೇವೆ, ಸಂಭಾವನೆ ಬೇಡ.

ಇಂತಿ,
ಹಳ್ಳಿ ಗ್ರಂಥಾಲಯಗಳ ಒಬ್ಬ ಸ್ವಯಂಸೇವಕಿ