ಕೇಳುವ ಮೊದಲೇ ಹೇಳು

ಚಿ. ಮೇಘಾಳಿಗೆ ಆಶೀರ್ವಾದಗಳು.

ಸೋಮವಾರವೇ ಕೆಲಸಕ್ಕೆ ಹಾಜರಾಗಬೇಕಂತೆ. ಹೇಳಬೇಕಾದ್ದನ್ನು ಇವತ್ತೇ ಬರೆದುಬಿಡುತ್ತೇನೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಓದು. ಒಂದರಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ನಮ್ಮ ಕಡೆ ಮಾಮೂಲು. ಕಂಪನಿ ಬರೆದುಕೊಂಡ ಹೆಸರಿಗೂ ಆಧಾರ್‌ಗೂ ತಾಳೆಯಾಗದಿದ್ದರೆ ಮುಂದೆ ಪಿಎಫ್ (ಭವಿಷ್ಯ ನಿಧಿ) ದುಡ್ಡು ತೆಗೆಯುವಾಗ ಅಲೆದಾಟ. ವ್ಯತ್ಯಾಸ ಕಂಡರೆ ಎಚ್‌ಆರ್‌ಗೆ ಮೊದಲ ದಿನವೇ ಹೇಳು. ಬ್ಯಾಕ್‌ಲಾಗ್ (ಕಾಲೇಜಿನಲ್ಲಿ ಪಾಸಾಗದೆ ಉಳಿದ ವಿಷಯ) ಇದ್ದದ್ದನ್ನೂ ಫಾರಂನಲ್ಲಿ ಮುಚ್ಚಿಡಬೇಡ. ಕೆಲಸ ಹೋಗುವುದು ಹೆಚ್ಚಾಗಿ ಬ್ಯಾಕ್‌ಲಾಗಿಗಲ್ಲ, ಬಚ್ಚಿಟ್ಟದ್ದಕ್ಕೆ. ಮೂಲ ಅಂಕಪಟ್ಟಿ ತೋರಿಸಿ ವಾಪಸ್ ತಗೋ, ಜೆರಾಕ್ಸಿಗೆ ಸಹಿ ಹಾಕಿ ಕೊಡು. ‘ಮೂಲವೇ ನಮ್ಮ ಹತ್ತಿರ ಇರಲಿ’ ಅಂತ ಕಂಪನಿಯವರು ಅಂದರೆ ನನಗೆ ಫೋನ್ ಮಾಡು.

ಹೊಸಬರಿಗೆ ಎಲ್ಲ ಬರಬೇಕೆಂದು ಯಾವ ಮ್ಯಾನೇಜರೂ ನಿರೀಕ್ಷಿಸುವುದಿಲ್ಲ. ಕೆಲಸ ಎಲ್ಲಿಗೆ ಬಂತು ಅಂತ ಅವರೇ ಕೇಳುವ ಹಾಗಾಗಬಾರದು, ಅಷ್ಟೇ. ‘ಆಗುತ್ತೆ ಸರ್’ ಅನ್ನುವುದು ನಮ್ಮವರ ನಾಲಿಗೆಯ ಚಾಳಿ. ಸೋಮವಾರ ‘ಆಗುತ್ತೆ’, ಬುಧವಾರ ‘ಆಗ್ತಾ ಇದೆ’, ಶುಕ್ರವಾರ ಸಂಜೆ ನಾಲ್ಕಕ್ಕೆ ‘ಸ್ವಲ್ಪ ತೊಂದರೆ’. ಬುಧವಾರವೇ ತಿಳಿದಿದ್ದರೆ ಇನ್ನೊಬ್ಬರನ್ನು ಜೊತೆಗೆ ಹಾಕುತ್ತಿದ್ದರು.

ಕೆಲಸ ಒಪ್ಪಿಸಿದಾಗ ಏನು, ಯಾರಿಗೆ, ಯಾವಾಗ ಅಂತ ಬರೆದುಕೊಂಡು ಅವರಿಗೇ ತಿರುಗಿ ಓದಿ ಹೇಳು. ಎಲ್ಲಾದರೂ ಸಿಕ್ಕಿಕೊಂಡರೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಒದ್ದಾಡು, ಆಮೇಲೆ ಕೇಳು. ‘ಕೋಡ್ ಓಡ್ತಿಲ್ಲ’ ಅಂದರೆ ಅವರಿಗೇನು ತಿಳಿಯುತ್ತೆ? ಹೀಗೆ ಕೇಳು: ‘ನಿನ್ನೆಯ ಫೈಲಿಗೆ ಲೆಕ್ಕ ಸರಿ ಬರುತ್ತೆ, ಇವತ್ತಿನದಕ್ಕೆ ಬರುತ್ತಿಲ್ಲ. ಎರಡನ್ನೂ ಹೋಲಿಸಿದೆ, ಇವತ್ತಿನದರಲ್ಲಿ ತಾರೀಕಿನ ದಿನ-ತಿಂಗಳು ಅದಲುಬದಲಾಗಿದೆ. ನಾನೇ ತಿದ್ದಲೇ, ಕಳಿಸಿದವರನ್ನು ಕೇಳಲೇ?’ ಇದಕ್ಕೆ ಒಂದೇ ಸಾಲಲ್ಲಿ ಉತ್ತರ ಸಿಗುತ್ತೆ. ಎರರ್ ಮೆಸೇಜನ್ನು ಮೊಬೈಲಲ್ಲಿ ಫೋಟೋ ಹೊಡೆಯಬೇಡ, ಅಕ್ಷರವನ್ನೇ ಕಾಪಿ ಮಾಡಿ ಹಾಕು. ಸ್ಕ್ರೀನಿನ ಫೋಟೋ ತೆಗೆಯುವುದೇ ಎಷ್ಟೋ ಕಡೆ ನಿಷಿದ್ಧ. ಆಫೀಸಿನ ಕೋಡನ್ನು ಚಾಟ್‌ಜಿಪಿಟಿಗೆ ಅಂಟಿಸುವುದಕ್ಕೂ ಮೊದಲು ಅನುಮತಿ ಕೇಳು.

ಇಂಗ್ಲಿಷಿನ ಅಳುಕು ಬಿಡು. ಚಿಕ್ಕಚಿಕ್ಕ ವಾಕ್ಯದ ಮೂರು ಸಾಲಿನ ಮೇಲ್ ಯಾರಿಗೂ ಬೇಡವಾಗುವುದಿಲ್ಲ.

ಇನ್ನೊಂದು, ಸಿಟಿಸಿಯನ್ನು (ಕಂಪನಿ ನಿನಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 12ರಿಂದ ಭಾಗಿಸಿ, ಅಷ್ಟು ಕೈಗೆ ಬರುತ್ತೆ ಅಂತ ಪಿಜಿ ರೂಮು ಹುಡುಕಬೇಡ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತೆ. ಅದಲ್ಲದೆ ಸಂಬಳದಲ್ಲಿ ನಿನ್ನ ಪಾಲಿನ ಪಿಎಫ್ ಬೇರೆ, ವೃತ್ತಿ ತೆರಿಗೆ ಬೇರೆ ಕಡಿತವಾಗುತ್ತೆ. ಮೊದಲ ಪೇಸ್ಲಿಪ್ ಬಂದಾಗ ನನಗೂ ಕಳಿಸು, ಸಾಲುಸಾಲು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ