ಕನ್ನಡ ಮೇಲ್‌ಗಳು ಕೆಟ್ಟು ಬರುತ್ತಿರುವ ಬಗ್ಗೆ ಕೊನೆಯ ದೂರು

ಇಂದ,
ಅಕ್ಕಿ ವ್ಯಾಪಾರಿ, ಗಂಗಾವತಿ, ಕೊಪ್ಪಳ ಜಿಲ್ಲೆ

ಗೆ,
ಗ್ರಾಹಕ ಸೇವೆಯ ಮುಖ್ಯಸ್ಥರು,
ನಮ್ಮ ಅಂಗಡಿಯ ಇಮೇಲ್ ನೋಡಿಕೊಳ್ಳುವ ಕಂಪನಿ, ಬೆಂಗಳೂರು

ಮಾನ್ಯರೇ,

ಫೋನ್‌ನಲ್ಲಿ ಸಮಾಧಾನವಾಗಿ ಹೇಳಿ ಸಾಕಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮಗೆ ಬರುವ ಪ್ರತಿ ಮೇಲ್‌ನ ಕೆಳಗೆ, ವೈರಸ್ ಪರೀಕ್ಷೆ ಆಗಿದೆ ಅಂತ ನಿಮ್ಮ ಸರ್ವರ್ ಒಂದು ಇಂಗ್ಲಿಷ್ ಸಾಲು ಸೇರಿಸುತ್ತಿದೆ. ಅದು ಶುರುವಾದಾಗಿನಿಂದ ನನ್ನ ಕಂಪ್ಯೂಟರಿನಲ್ಲಿ ಮೇಲ್ ಓದುವ ಥಂಡರ್‌ಬರ್ಡ್ ಅನ್ನುವ ತಂತ್ರಾಂಶದಲ್ಲಿ ಕನ್ನಡ ಮೇಲ್ ಓದಲು ಆಗುತ್ತಿಲ್ಲ. ಮೊನ್ನೆ ಮೈಸೂರಿನ ಅಂಗಡಿಯವರು ಸೋನಾ ಮಸೂರಿಗೆ ಆರ್ಡರ್ ಕಳಿಸಿದ್ದರು. 25, 200 ಅನ್ನುವ ಅಂಕಿಗಳು ಮಾತ್ರ ಸರಿಯಾಗಿದ್ದವು. ಹೊಸ ಅಕ್ಕಿಯೋ ಹಳೇದೋ, ಸ್ಟೀಮೋ ರಾ ಅಕ್ಕಿಯೋ ಗೊತ್ತಾಗಲಿಲ್ಲ. ರೇಟು ನಿಲ್ಲುವುದೇ ಅದರ ಮೇಲೆ ಅಲ್ವಾ? 'ಹೊಸ' ಅನ್ನುವ ಎರಡಕ್ಷರದ ಜಾಗದಲ್ಲಿ ಒಂಬತ್ತು ಗುರುತುಗಳಿದ್ದವು. ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2 ಇಲ್ಲವೇ 3, ಆಮೇಲೆ ಇನ್ನೇನೋ ಒಂದು. ಮತ್ತೆ ಅದೇ ಎ.

ಅವತ್ತು ಲಾರಿ ಬಾಗಿಲಲ್ಲಿ ನಿಂತಿತ್ತು, ಹಮಾಲರು ಕಾಯುತ್ತಿದ್ದರು. ಮೈಸೂರಿನವರ ಫೋನ್ ಸಿಗಲಿಲ್ಲ. ನಿಮ್ಮ ಸಹಾಯವಾಣಿಗೆ ಮಾಡಿದೆ. ಮೇಲ್ ನೋಡುತ್ತಾ ಮಾತಾಡಬೇಕಿತ್ತು, ಸ್ಪೀಕರ್ ಹಾಕಿದ್ದೆ.

"ಸರ್, ಕನ್ನಡ ಫಾಂಟ್ ಹಾಕ್ಕೊಳ್ಳಿ."

"ಫಾಂಟ್ ಐತ್ರೀ. ಹಳೇ ಮೇಲ್ ಎಲ್ಲಾ ಚೆನ್ನಾಗೇ ಕಾಣ್ತಾವ."

"ಹಾಗಾದ್ರೆ ವಿಂಡೋಸ್ ಹೊಸದಾಗಿ ಹಾಕಿಸಿ."

"ಅದೇ ಮೇಲ್ ನನ್ನ ಇನ್ನೊಂದು ವಿಳಾಸಕ್ಕೆ ಬಂದ್ರೆ ಇದೇ ಕಂಪ್ಯೂಟರ್‌ನ್ಯಾಗ ಸರಿ ಕಾಣ್ತದ. ನಿಮ್ಮ ಸರ್ವರ್ ದಾಟಿ ಬಂದದ್ದಷ್ಟೇ ಕೆಡ್ತದ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀವು ಕನ್ನಡದಲ್ಲಿ ಯಾಕ್ ಸರ್ ತರಿಸ್ಕೊಳ್ತೀರಾ? ಇಂಗ್ಲಿಷ್ ಓದೋಕೆ ಬರೋರು ಯಾರಾದ್ರೂ ಇದ್ರೆ ಫೋನ್ ಕೊಡಿ."

ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಡ್ರೈವರ್ ನೆಲ ನೋಡಿದ. ನನ್ನ ವ್ಯಾಪಾರ ಕನ್ನಡದಲ್ಲೇ ನಡೆಯುವುದು, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ನಾನು ಕೇಳಿದ್ದು ಸರ್ವರ್ ವಿಷಯ. ಉತ್ತರ ಬಂದದ್ದು ನನ್ನ ಓದಿನ ಮೇಲೆ.

ನಿಮ್ಮ ಇಂಜಿನಿಯರ್‌ಗಳು ನೋಡಲಿಲ್ಲ, ನಾನೇ ನೋಡಿದ್ದೇನೆ. ಮೇಲ್ ಸೋರ್ಸ್ (ಮೇಲ್‌ನ ಹಿಂದಿರುವ ಕಚ್ಚಾ ಬರಹ) ತೆಗೆದರೆ, ನಿಮ್ಮ ಮೂಲಕ ಬಂದದ್ದರಲ್ಲಿ ಐಎಸ್‌ಒ-8859-1 ಅಂತಿದೆ. ಇನ್ನೊಂದು ವಿಳಾಸಕ್ಕೆ ಬಂದದ್ದರಲ್ಲಿ ಯುಟಿಎಫ್-8 ಅಂತಿದೆ. ಇವೆರಡೂ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಸಂಕೇತ ಪದ್ಧತಿಗಳು. ಮೇಲ್ ಯಾವುದರಲ್ಲಿದೆ ಅಂತ ಹೇಳುವ ಚೀಟಿ ಇದ್ದ ಹಾಗೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್, ಅಂದರೆ ಕಂಪ್ಯೂಟರಿನ ಮೂರು ತುಣುಕು. 'ಹೊಸ'ದಲ್ಲಿ ಹ, ಒ-ಕಾರದ ಚಿಹ್ನೆ, ಸ ಅಂತ ಮೂರು ಗುರುತು, ಒಟ್ಟು ಒಂಬತ್ತು ಬೈಟ್. ಐಎಸ್‌ಒ-8859-1ರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಾಗಾಗಿ ಒಂದೊಂದು ಬೈಟೂ ಬೇರೆ ಬೇರೆ ಅಕ್ಷರವಾಗಿ ಕಾಣುತ್ತದೆ. ಅಂಕಿಗಳು ಎರಡರಲ್ಲೂ ಒಂದೇ, ಅದಕ್ಕೇ ಅವು ಉಳಿದವು. ಥಂಡರ್‌ಬರ್ಡ್‌ನ ವ್ಯೂ ಮೆನುವಿನಲ್ಲಿ 'ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್' ಒತ್ತಿದರೆ ಕನ್ನಡ ವಾಪಸ್ ಬರುತ್ತದೆ. ಅಂದರೆ ಒಳಗಿನ ಮಾಲು ಸರಿ ಇದೆ, ಆ ಇಂಗ್ಲಿಷ್ ಸಾಲು ಸೇರಿಸುವಾಗ ಮೇಲಿನ ಚೀಟಿಯನ್ನು ತಪ್ಪಾಗಿ ಬರೆದವರು ನೀವು. ಇನ್ನು ಮುಂದೆ ಪ್ರತಿ ಮೇಲ್‌ಗೂ ಆ ಬಟನ್ ಒತ್ತುತ್ತಾ ಕೂರಬೇಕಾ?

ಬಂದ ಮೇಲ್ ಇದ್ದ ಹಾಗೆಯೇ ತಲುಪಿಸುತ್ತೇವೆ ಅಂತ ನಿಮ್ಮ ಕರಾರಿನಲ್ಲೇ ಇದೆ. ಆ ಇಂಗ್ಲಿಷ್ ಸಾಲು ತೆಗೆಯಿರಿ, ಇಲ್ಲವೇ ಯುಟಿಎಫ್-8 ಕೆಡದಂತೆ ಸೇರಿಸಿ. ಈಗಾಗಲೇ ಕೆಟ್ಟಿರುವ ಮೇಲ್‌ಗಳನ್ನೂ ಸರಿಪಡಿಸಿ. ಸಹಾಯವಾಣಿಯವರು ಆಡಿದ ಆ ಮಾತಿಗೆ ಲಿಖಿತವಾಗಿ ಕ್ಷಮೆ ಕೇಳಿ.

ಈ ತಿಂಗಳ ಒಳಗೆ ಆಗದಿದ್ದರೆ ಮುಂದಿನ ಬಿಲ್ ಕಟ್ಟುವುದಿಲ್ಲ. ಡೊಮೈನ್ (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ನನ್ನ ಹೆಸರಿನಲ್ಲಿದೆ, ಬೇರೆ ಕಡೆ ಒಯ್ಯುತ್ತೇನೆ, ವರ್ಗಾವಣೆ ಕೋಡ್ ಸಿದ್ಧ ಇಟ್ಟುಕೊಳ್ಳಿ. ಇದು ಹೊಟ್ಟೆಪಾಡಿಗೆ ನಾನೇ ನಡೆಸುವ ಅಂಗಡಿ, ಹಾಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನನಗೂ ಅನ್ವಯಿಸುತ್ತದೆ. ನಿಮ್ಮ ಆಫೀಸು ಬೆಂಗಳೂರಿನಲ್ಲಿದ್ದರೂ ಆ ಕಾಯ್ದೆಯಡಿ ನಾನು ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ಕೇಸು ಹಾಕಬಹುದು. ಎರಡೂ ಮೇಲ್‌ಗಳ ಸೋರ್ಸ್ ಪ್ರಿಂಟ್ ತೆಗೆದು ಫೈಲಿಗೆ ಹಾಕಿದ್ದೇನೆ. ಆ ದಿನದ ಮಾತು ಕೇಳಿದ ಹಮಾಲರು ಸಾಕ್ಷಿ ಹೇಳಲು ಒಪ್ಪಿದ್ದಾರೆ.

ಇಂತಿ,
ನಿಮ್ಮ ಗ್ರಾಹಕ