ಸಿ.ಟಿ. ಕೋಣೆಯ ಆ ತಂತ್ರಜ್ಞರಿಗೆ

ಹೆಸರು ಹೇಳಿಕೊಳ್ಳದ ಸಿ.ಟಿ. ತಂತ್ರಜ್ಞರೇ, ನಿಮಗೆ ನಮ್ಮೆಲ್ಲರ ಧನ್ಯವಾದ. ಕಿಡ್ನಿ ಗಡ್ಡೆಯನ್ನು 5 ಮಿ.ಮೀ. ದಪ್ಪದ ಸ್ಲೈಸಿನಲ್ಲೇ (ಅಡ್ಡಸೀಳು ಚಿತ್ರದಲ್ಲೇ) ಬಿಡದೆ, ಕಾಂಟ್ರಾಸ್ಟ್ (ಅಂಗಾಂಶ ಎದ್ದು ಕಾಣಲು ಚುಚ್ಚುವ ದ್ರವ) ಕೊಡುವ ಮೊದಲಿನ ಚಿತ್ರಗಳನ್ನು 1.5 ಮಿ.ಮೀ.ಗೆ ಮತ್ತೆ ತೆಗೆದುಕೊಟ್ಟಿರಿ. ದಪ್ಪ ಸ್ಲೈಸಿನಲ್ಲಿ ಚೂರುಪಾರು ಕೊಬ್ಬು ಪಕ್ಕದ ಅಂಗಾಂಶದೊಡನೆ ಸರಾಸರಿಯಾಗಿ ಕಾಣೆಯಾಗುತ್ತದೆ. ಕೊಬ್ಬು ಬೆರೆತ, ಕ್ಯಾನ್ಸರ್ ಅಲ್ಲದ ಗಡ್ಡೆಯಾದ ಆಂಜಿಯೋಮಯೋಲಿಪೋಮಾ ಕ್ಯಾನ್ಸರಿನ ವೇಷ ಹಾಕುವುದೇ ಅಲ್ಲಿ. ತೆಳು ಸ್ಲೈಸಿನಲ್ಲಿ ಪುಟ್ಟ ವೃತ್ತ ಇಟ್ಟು ಸಾಂದ್ರತೆ ಅಳೆದಾಗ (ಸಿ.ಟಿ.ಯಲ್ಲಿ ಅದರ ಮಾನ ಹೌನ್ಸ್‌ಫೀಲ್ಡ್) ಮೈನಸ್ 10 ಹೌನ್ಸ್‌ಫೀಲ್ಡ್‌ಗಿಂತ ಕೆಳಗೆ ಬಂದರೆ ಅದು ಕೊಬ್ಬೇ, ಅಂದರೆ ಗಡ್ಡೆ ಬಹುಮಟ್ಟಿಗೆ ಆಂಜಿಯೋಮಯೋಲಿಪೋಮಾ. (ಜೊತೆಗೆ ಕ್ಯಾಲ್ಸಿಯಂ ಕಲೆ ಕಂಡರೆ ಮಾತ್ರ ನಿಶ್ಚಿಂತೆ ಬೇಡ, ಕ್ಯಾನ್ಸರ್ ಇದ್ದೀತು.) ಕೊಬ್ಬು ಸಿಗದಿದ್ದರೆ ಸೂಜಿ ಬಯಾಪ್ಸಿ, ಆ ತುಣುಕಿನಲ್ಲಿ ಆಂಜಿಯೋಮಯೋಲಿಪೋಮಾ ಗುರುತಿಸಲು ನೆರವಾಗುವ ಎಚ್‌ಎಂಬಿ-45 ಪರೀಕ್ಷೆ. 4 ಸೆಂ.ಮೀ. ದಾಟಿದ ಆಂಜಿಯೋಮಯೋಲಿಪೋಮಾಗೆ ರಕ್ತಸ್ರಾವದ ಭಯ ಹೆಚ್ಚು; ಆಗಲೂ ಎಷ್ಟೋ ಸಲ ರಕ್ತನಾಳ ಮುಚ್ಚುವ ಎಂಬೊಲೈಸೇಶನ್ ಸಾಕು. ಈ ಸಲ ಕಿಡ್ನಿ ಉಳಿದದ್ದು ನಿಮ್ಮ ಹಠದಿಂದ.